ಸೆರಗಿನ ಗಂಟು, ಸ್ಟಾರ್ಟರಿನ ಹಸಿರು ಗುಂಡಿ

ಸಂಡೂರು ತಾಲ್ಲೂಕಿನ ವಡ್ಡು ಗ್ರಾಮದ ಒಂಬತ್ತನೇ ತರಗತಿಯ ಹುಡುಗನೊಬ್ಬ ಕಳೆದ ತಿಂಗಳು ಒಂದು ರಟ್ಟಿನ ಡಬ್ಬಿ ಹಿಡಿದುಕೊಂಡು ನಮ್ಮ ಮನೆಗೆ ಬಂದ. ಡಬ್ಬಿಯೊಳಗೆ ಆರ್ಡುಯಿನೊ ಊನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, ಬ್ರೆಡ್‌ಬೋರ್ಡು, ನಾಲ್ಕಾರು ಬಣ್ಣದ ವೈರು, ಒಂದು ಎಲ್‌ಇಡಿ, ಕಡಲೆಕಾಳಿಗಿಂತ ಕೊಂಚ ದೊಡ್ಡದಿರುವ ಪುಶ್‌ಬಟನ್ ಇದ್ದವು. ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಅವನು ಪಂಪ್‌ಸೆಟ್ಟಿನ ಮಾದರಿ ಮಾಡುತ್ತಿದ್ದ. ಎಲ್‌ಇಡಿಯೇ ಮೋಟಾರು, ಬಟನ್ನೇ ಸ್ಟಾರ್ಟರು.

“ಸಾರ್, ಬಟನ್ ಒತ್ತಿದ್ರೆ ಲೈಟ್ ಹತ್ತತೈತಿ, ಬೆರಳು ತೆಗೆದ್ರೆ ಆರತೈತಿ. ನಮ್ಮ ಹೊಲದ ಸ್ಟಾರ್ಟರ್ ಹಿಂಗಿಲ್ಲ. ಒಮ್ಮೆ ಒತ್ತಿ ಮನೀಗೆ ಬಂದ್ರೂ ಮೋಟ್ರು ನಡೀತಾನೇ ಇರ್ತೈತಿ. ಅದು ಹಳೇ ಕಬ್ಬಿಣದ ಡಬ್ಬಿ, ಇದು ಕಂಪ್ಯೂಟರ್. ಅದಕ್ಕೆ ನೆನಪೈತಿ, ಇದಕ್ಕ್ಯಾಕಿಲ್ಲ?”

ಈ ಪ್ರಶ್ನೆಗೆ ಉತ್ತರವಾಗಿ ಮೂರು ಸಾಲು ಕೋಡ್ ಬರೆದುಕೊಟ್ಟು ಕಳಿಸಬಹುದಿತ್ತು. ಮನಸ್ಸು ಬರಲಿಲ್ಲ. ಇಷ್ಟು ಸರಿಯಾಗಿ ಕೇಳಿದ ಪ್ರಶ್ನೆಗೆ ಮೊದಲು ಅವನು ಹೋಲಿಸಿದ ಆ ಕಬ್ಬಿಣದ ಡಬ್ಬಿಯನ್ನೇ ಬಿಚ್ಚಿ ನೋಡಬೇಕು. ಇಬ್ಬರೂ ಮೋಟಾರು ವೈಂಡಿಂಗ್ ಮಾಡುವ ಅಂಗಡಿಗೆ ಹೋದೆವು. ಮೂಲೆಯಲ್ಲಿ ಬಿದ್ದಿದ್ದ ಹಳೆಯ ಸ್ಟಾರ್ಟರಿನ ಮುಚ್ಚಳ ತೆಗೆಸಿ ನೋಡಿದೆವು.

ನಮ್ಮ ಕಡೆ ಸಣ್ಣ ಪಂಪ್‌ಸೆಟ್ಟುಗಳಿಗೆ ಹಾಕುವುದು ಡಿಒಎಲ್ ಸ್ಟಾರ್ಟರು. ಹಸಿರು ಗುಂಡಿ ಒತ್ತಿದಾಗ ಒಳಗಿನ ಕಾಯಿಲಿಗೆ ಕರೆಂಟು ಹೋಗುತ್ತದೆ. ಕಾಯಿಲು ಅಯಸ್ಕಾಂತವಾಗಿ ಎದುರಿನ ಕಬ್ಬಿಣದ ಪಟ್ಟಿಯನ್ನು ಟಪ್ಪನೆ ಎಳೆದುಕೊಳ್ಳುತ್ತದೆ. ಆ ಪಟ್ಟಿಯ ಜೊತೆಗೆ ಮೂರು ಫೇಸಿನ ಮೂರು ಪಾಯಿಂಟುಗಳು ಕೂಡಿಕೊಂಡು ಮೋಟಾರು ಹೊರಡುತ್ತದೆ. ಹುಡುಗ ಇಷ್ಟನ್ನು ಊಹಿಸಿದ್ದ. ಅವನು ನೋಡದೆ ಬಿಟ್ಟಿದ್ದು ಪಕ್ಕದಲ್ಲಿರುವ ನಾಲ್ಕನೆಯ ಪುಟ್ಟ ಪಾಯಿಂಟು. ಮೋಟಾರಿಗೂ ಅದಕ್ಕೂ ಸಂಬಂಧವಿಲ್ಲ. ಅದನ್ನು ಜೋಡಿಸಿರುವುದು ಹಸಿರು ಗುಂಡಿಗೆ ಸಮಾನಾಂತರವಾಗಿ. ಪಟ್ಟಿ ಎಳೆದುಕೊಂಡೊಡನೆ ಆ ಪಾಯಿಂಟೂ ಕೂಡುತ್ತದೆ. ಈಗ ಕಾಯಿಲಿಗೆ ಕರೆಂಟು ಬರಲು ಎರಡು ದಾರಿ: ಒಂದು ನಿಮ್ಮ ಬೆರಳಿನ ದಾರಿ, ಇನ್ನೊಂದು ಕಾಯಿಲು ತಾನೇ ಮಾಡಿಕೊಂಡ ದಾರಿ. ಬೆರಳು ತೆಗೆದರೂ ಎರಡನೆಯದು ಉಳಿಯುತ್ತದೆ. ಕಾಯಿಲು ಪಾಯಿಂಟನ್ನು ಹಿಡಿದಿದೆ, ಪಾಯಿಂಟು ಕಾಯಿಲನ್ನು ಹಿಡಿದಿದೆ. ಎಲೆಕ್ಟ್ರಿಷಿಯನ್ನರು ಇದನ್ನು ಹೋಲ್ಡಿಂಗ್ ಪಾಯಿಂಟ್ ಎನ್ನುತ್ತಾರೆ. ಸ್ಟಾರ್ಟರಿನ ನೆನಪು ಎಂದರೆ ಇಷ್ಟೇ.

ಮರೆಸುವುದಕ್ಕೂ ಅಲ್ಲೇ ವ್ಯವಸ್ಥೆ ಇದೆ. ಕೆಂಪು ಗುಂಡಿ ಕಾಯಿಲಿನ ದಾರಿಯಲ್ಲೇ ಸಾಲಾಗಿ ಕೂತಿದೆ. ಒತ್ತಿದರೆ ದಾರಿ ಕಡಿಯುತ್ತದೆ, ಪಟ್ಟಿ ಕಳಚುತ್ತದೆ, ಹೋಲ್ಡಿಂಗ್ ಪಾಯಿಂಟೂ ಬಿಟ್ಟುಕೊಳ್ಳುತ್ತದೆ. ಆಮೇಲೆ ಕೆಂಪು ಗುಂಡಿಯಿಂದ ಬೆರಳು ತೆಗೆದರೂ ಮೋಟಾರು ತಾನಾಗಿ ಹೊರಡದು. ಮೋಟಾರು ಹೆಚ್ಚು ಕರೆಂಟು ಎಳೆದಾಗ ಓವರ್‌ಲೋಡ್ ರಿಲೇ ಕಡಿಯುವುದೂ ಇದೇ ದಾರಿಯನ್ನು. ಲೈನಿನಲ್ಲಿ ಕರೆಂಟೇ ಹೋದರೂ ಕಾಯಿಲು ಸತ್ತು ಎಲ್ಲವೂ ಬಿಟ್ಟುಕೊಳ್ಳುತ್ತದೆ.

ಹೋಲ್ಡಿಂಗ್ ಪಾಯಿಂಟು ಸವೆದರೆ ಏನಾಗುತ್ತದೆ ಎಂದು ಕೇಳಿದೆ. ಹುಡುಗ ತಕ್ಷಣ ಹೇಳಿದ: “ಒತ್ತಿ ಹಿಡಿದಾಗಷ್ಟೇ ನಡೀತೈತಿ. ನನ್ನ ಎಲ್‌ಇಡಿ ಹಂಗೇ.” ಅವನ ಬೋರ್ಡಿನಲ್ಲಿ ಕೆಟ್ಟಿದ್ದು ಏನೂ ಇರಲಿಲ್ಲ. ಹೋಲ್ಡಿಂಗ್ ಪಾಯಿಂಟನ್ನು ಅವನು ಇನ್ನೂ ಬರೆದಿರಲಿಲ್ಲ, ಅಷ್ಟೆ. ಪಾಯಿಂಟು ಸವೆದಾಗ ಹಸಿರು ಗುಂಡಿಗೆ ಕಡ್ಡಿ ಸಿಕ್ಕಿಸಿ ಮೋಟಾರು ಓಡಿಸುವವರಿದ್ದಾರೆ. ಅದು ನೆನಪಲ್ಲ, ಹಟ. ಕೆಂಪು ಗುಂಡಿ ಒತ್ತಿದಷ್ಟು ಹೊತ್ತು ಮೋಟಾರು ನಿಲ್ಲುತ್ತದೆ, ಬೆರಳು ತೆಗೆದ ಕೂಡಲೇ ಮತ್ತೆ ಹೊರಡುತ್ತದೆ. ಮರೆಯಲಾರದ ಯಂತ್ರ ನೆನಪೇ ಇಲ್ಲದ ಯಂತ್ರಕ್ಕಿಂತ ಅಪಾಯಕಾರಿ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಇನ್ನು ಕಂಪ್ಯೂಟರಿನ ನೆನಪಿಗೆ ಬರೋಣ. 1918ರಲ್ಲಿ ಇಂಗ್ಲೆಂಡಿನ ವಿಲಿಯಂ ಎಕ್ಲಿಸ್ ಮತ್ತು ಎಫ್. ಡಬ್ಲ್ಯು. ಜೋರ್ಡಾನ್ ಎಂಬಿಬ್ಬರು ಎರಡು ರೇಡಿಯೊ ವಾಲ್ವುಗಳನ್ನು ಒಂದರ ಬಾಲಕ್ಕೆ ಇನ್ನೊಂದರ ಮೂಗು ಕಟ್ಟಿದಂತೆ ಜೋಡಿಸಿದರು. ಒಂದು ಹತ್ತಿದರೆ ಇನ್ನೊಂದನ್ನು ಆರಿಸಿಡುತ್ತದೆ, ಆರಿದ್ದು ಹತ್ತಿದ್ದನ್ನು ಹತ್ತಿಸಿಯೇ ಇಡುತ್ತದೆ. ಹೊರಗಿನಿಂದ ಒಮ್ಮೆ ತಟ್ಟಿದರೆ ಸಾಕು, ಮತ್ತೆ ತಟ್ಟುವವರೆಗೆ ಅದೇ ಸ್ಥಿತಿ. ಫ್ಲಿಪ್-ಫ್ಲಾಪ್ ಹುಟ್ಟಿದ್ದು ಹೀಗೆ. ಒಳಗಿನ ಯುಕ್ತಿ ನಮ್ಮ ಹೊಲದ ಸ್ಟಾರ್ಟರಿನದೇ: ಫಲವನ್ನು ತಿರುಗಿಸಿ ತಂದು ಮೂಲಕ್ಕೆ ಆಸರೆ ಕೊಡುವುದು. ಆರ್ಡುಯಿನೊ ಊನೊದ ಮೇಲಿರುವ ಎಟಿಮೆಗಾ328ಪಿ ಚಿಪ್ಪಿನ ರ‍್ಯಾಮ್ 2 ಕಿಲೊಬೈಟ್. ಅಂದರೆ 16,384 ಬಿಟ್‌ಗಳು. ಒಂದೊಂದು ಬಿಟ್ಟೂ ತನ್ನನ್ನು ತಾನು ಹಿಡಿದುಕೊಂಡಿರುವ ಒಂದು ಸೂಕ್ಷ್ಮ ಸ್ಟಾರ್ಟರು. ಇದನ್ನು ಹೇಳಿದಾಗ ಹುಡುಗ ತನ್ನ ಬೋರ್ಡನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದ. ಹದಿನಾರು ಸಾವಿರ ಸ್ಟಾರ್ಟರು ಇಟ್ಟುಕೊಂಡೂ ಒಂದು ಒತ್ತನ್ನು ಅದು ನೆನಪಿಡದಿದ್ದರೆ ಕಾರಣ ಒಂದೇ. ನೆನಪಿಡು ಎಂದು ಅದಕ್ಕೆ ಯಾರೂ ಹೇಳಿಲ್ಲ.

ಅವನು ಬರೆದಿದ್ದ ಪ್ರೋಗ್ರಾಮು ಕೇಳುತ್ತಿದ್ದುದು ಒಂದೇ ಮಾತು: ಬಟನ್ ಈಗ ಒತ್ತಿದೆಯೇ? ಡಿಜಿಟಲ್‌ರೀಡ್ ಎಂಬ ಆಜ್ಞೆಗೆ ಗೊತ್ತಿರುವುದು ಈ ಕ್ಷಣ ಮಾತ್ರ. ಹಿಂದಿನ ಕ್ಷಣದಲ್ಲಿ ಏನಿತ್ತು ಎಂಬುದು ಅದರ ಲೆಕ್ಕಕ್ಕೆ ಬರುವುದಿಲ್ಲ. ಹಾಗಾದರೆ “ಒತ್ತಿದ್ದರೆ ದೀಪದ ಸ್ಥಿತಿಯನ್ನು ತಿರುವುಮುರುವು ಮಾಡು” ಎಂದು ಬರೆದರೆ ಆಗದೇ? ಅದನ್ನೂ ಅವನು ಮಾಡಿ ನೋಡಿದ್ದ. ಒಮ್ಮೊಮ್ಮೆ ಹತ್ತುತ್ತಿತ್ತು, ಒಮ್ಮೊಮ್ಮೆ ಇಲ್ಲ. ಬೋರ್ಡು ಕೆಟ್ಟಿದೆ ಎಂದುಕೊಂಡಿದ್ದ. ಕೆಟ್ಟಿರಲಿಲ್ಲ, ಅದರ ವೇಗ ಅವನ ಅಂದಾಜಿಗೆ ಸಿಕ್ಕಿರಲಿಲ್ಲ. ಊನೊದ ಗಡಿಯಾರ ಸೆಕೆಂಡಿಗೆ 1 ಕೋಟಿ 60 ಲಕ್ಷ ಸಲ ಮಿಡಿಯುತ್ತದೆ. ನಾವು ಚುರುಕಾಗಿ ಗುಂಡಿ ಒತ್ತಿ ಬಿಟ್ಟರೂ ಸುಮಾರು ಸೆಕೆಂಡಿನ ಹತ್ತನೆಯ ಒಂದು ಭಾಗ ಹಿಡಿಯುತ್ತದೆ. ಅಷ್ಟರಲ್ಲಿ ಅವನ ಪ್ರೋಗ್ರಾಮಿನಲ್ಲಿ ಮತ್ತೆ ಮತ್ತೆ ನಡೆಯುವ ಭಾಗ, ಅಂದರೆ ಲೂಪು, ಸಾವಿರಾರು ಸುತ್ತು ಸುತ್ತಿ ಸಾವಿರಾರು ಸಲ ದೀಪವನ್ನು ಹತ್ತಿಸಿ ಆರಿಸಿರುತ್ತದೆ. ಬೆರಳು ಎದ್ದಾಗ ದೀಪ ಯಾವ ಸ್ಥಿತಿಯಲ್ಲಿ ಸಿಕ್ಕಿತೋ ಅದೇ ಉಳಿಯುತ್ತದೆ.

ಕೇಳಬೇಕಾದ ಪ್ರಶ್ನೆ ಬೇರೆ. ಬಟನ್ ಒತ್ತಿದೆಯೇ ಎಂದಲ್ಲ, ಒತ್ತದೆ ಇದ್ದದ್ದು ಈಗ ಒತ್ತಿದಂತಾಯಿತೇ ಎಂದು. ಒತ್ತಿರುವುದು ಸ್ಥಿತಿ, ಒತ್ತಿದ್ದು ಘಟನೆ. ಕನ್ನಡದಲ್ಲಿ ಈ ಎರಡು ಮಾತಿಗೆ ಬೇರೆಬೇರೆ ರೂಪಗಳೇ ಇವೆ. “ಅವನು ಬಂದಿದ್ದಾನೆ” ಎಂಬುದಕ್ಕೂ “ಅವನು ಬಂದ” ಎಂಬುದಕ್ಕೂ ಇರುವ ವ್ಯತ್ಯಾಸ ನಮ್ಮೂರಿನ ಮಗುವಿಗೂ ಗೊತ್ತು. ಅದನ್ನೇ ಕೋಡಿಗೆ ಇಳಿಸಬೇಕು. ಹಾಳೆಯ ಮೇಲೆ ಮೊದಲು ಕನ್ನಡದಲ್ಲೇ ಬರೆಸಿದೆ:

ಈಗ = ಬಟನ್ನನ್ನು ಓದು.
ಈಗ ಒತ್ತಿದೆ, ಆಗ ಒತ್ತಿರಲಿಲ್ಲ ಎಂದಾದರೆ ದೀಪವನ್ನು ತಿರುವು.
ಆಗ = ಈಗ.

ಕೊನೆಯ ಸಾಲನ್ನು ನೋಡಿ. ಪ್ರತಿ ಸುತ್ತಿನ ಕೊನೆಗೂ ಈಗ ಎಂಬುದು ಆಗ ಆಗುತ್ತದೆ. ಅದನ್ನು ಬಿಟ್ಟರೆ ಇಡೀ ಪ್ರೋಗ್ರಾಮು ಮೊದಲಿನಷ್ಟೇ ಮರೆಗುಳಿ. ಇಲ್ಲಿ ಬೇಕಾದ ನೆನಪು ಒಂದಲ್ಲ, ಎರಡು. ಬಟನ್ ಹಿಂದಿನ ಸುತ್ತಿನಲ್ಲಿ ಹೇಗಿತ್ತು ಎಂಬುದೊಂದು, ದೀಪ ಹೇಗಿದೆ ಎಂಬುದಿನ್ನೊಂದು. ಕಲಿಯುವವರು ಎರಡಕ್ಕೂ ಒಂದೇ ಹೆಸರಿಟ್ಟು ಗಂಟೆಗಟ್ಟಲೆ ತಲೆ ಚಚ್ಚಿಕೊಳ್ಳುವುದನ್ನು ಬಹಳ ಸಲ ನೋಡಿದ್ದೇನೆ.

ಇದಾದ ಮೇಲೂ ಅವನ ದೀಪ ಮಿಣುಕಿತು. “ಆಗ” ಎಂಬ ಹೆಸರನ್ನು ಅವನು ಲೂಪಿನ ಆವರಣದ ಒಳಗೆ ಹುಟ್ಟಿಸಿದ್ದ. ಒಳಗೆ ಹುಟ್ಟಿದ್ದು ಆ ಸುತ್ತಿನ ಜೊತೆಗೇ ಸಾಯುತ್ತದೆ. ಪ್ರತಿ ಸುತ್ತಿಗೂ ಒರೆಸಿದ ಹೊಸ ಸ್ಲೇಟು. ಅದನ್ನು ಲೂಪಿನ ಹೊರಗೆ, ಪ್ರೋಗ್ರಾಮಿನ ತಲೆಯಲ್ಲಿ ಬರೆಸಿದೆ. ಒಳಗೇ ಇಡಬೇಕೆಂದರೆ ಸ್ಟ್ಯಾಟಿಕ್ ಎಂಬ ಪದ ಮುಂದೆ ಹಾಕಬೇಕು, ಆಗ ಸ್ಲೇಟು ಒರೆಸಿಹೋಗದು. ಇನ್ನೊಂದು ಸಣ್ಣ ಕಾಟ: ಬಟನ್ನಿಗೆ ನಾಲ್ಕು ಕಾಲಿದ್ದರೂ ಎರಡೆರಡು ಒಳಗೇ ಕೂಡಿಕೊಂಡಿರುತ್ತವೆ. ಕೂಡಿಕೊಂಡ ಜೋಡಿಗೇ ವೈರು ಸಿಕ್ಕಿಸಿದರೆ ಸದಾ ಒತ್ತಿದಂತೆಯೇ ಓದುತ್ತದೆ. ಓರೆಯಾಗಿ ಎದುರುಬದುರು ಇರುವ ಕಾಲುಗಳಿಗೆ ಹಾಕಿದರೆ ಈ ತೊಂದರೆ ಇಲ್ಲ. ಬಟನ್ ಒತ್ತದಿದ್ದಾಗ ಪಿನ್ನು ಅಂತರದಲ್ಲಿ ತೇಲದಂತೆ ಚಿಪ್ಪಿನ ಒಳಗಿನ ಪುಲ್‌ಅಪ್ ರೆಸಿಸ್ಟರನ್ನೂ ಚಾಲೂ ಮಾಡಿಕೊಳ್ಳಬೇಕು. ಆಗ ಒತ್ತಿದರೆ ಸೊನ್ನೆ, ಬಿಟ್ಟರೆ ಒಂದು ಎಂದು ಓದುತ್ತದೆ. ತಲೆಕೆಳಗು ಎನಿಸಿದರೂ ಎರಡು ದಿನದಲ್ಲಿ ರೂಢಿಯಾಗುತ್ತದೆ.

ಘಟನೆಯನ್ನು ಒಮ್ಮೆ ಮಾತ್ರ ಎಣಿಸುವ ಕೆಲಸದ ತೂಕ ತಿಳಿಯಬೇಕಾದರೆ ಮತಯಂತ್ರವನ್ನು ನೆನೆಯಬೇಕು. 2024ರ ನವೆಂಬರ್ 13ರಂದು ಸಂಡೂರು ವಿಧಾನಸಭಾ ಕ್ಷೇತ್ರದ ಉಪಚುನಾವಣೆಯಲ್ಲಿ ನಮ್ಮ ತಾಲ್ಲೂಕಿನ ಜನ ಸಾಲಲ್ಲಿ ನಿಂತು ನೀಲಿ ಗುಂಡಿ ಒತ್ತಿದರು. ಆ ಯಂತ್ರಗಳನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್, ಇನ್ನೊಂದು ಹೈದರಾಬಾದಿನ ಇಸಿಐಎಲ್. ಮತಗಟ್ಟೆ ಅಧಿಕಾರಿ ತನ್ನ ಮೇಜಿನ ಮೇಲಿನ ಕಂಟ್ರೋಲ್ ಯೂನಿಟ್ಟಿನ ಬ್ಯಾಲೆಟ್ ಗುಂಡಿ ಒತ್ತಿದರಷ್ಟೇ ಮರೆಯ ಹಿಂದಿನ ಯಂತ್ರದಲ್ಲಿ ಹಸಿರು ದೀಪ ಹತ್ತುತ್ತದೆ. ಮತದಾರ ಒಂದು ಗುಂಡಿ ಒತ್ತುತ್ತಾನೆ, ಪಕ್ಕದ ಕೆಂಪು ದೀಪ ಹತ್ತುತ್ತದೆ, ಬೀಪ್ ಎಂಬ ಉದ್ದನೆಯ ಸದ್ದು ಬರುತ್ತದೆ. ಆಮೇಲೆ ಅದೇ ಗುಂಡಿಯನ್ನು ಹತ್ತು ಸಲ ಒತ್ತಲಿ, ಬೇರೆ ಗುಂಡಿ ಒತ್ತಲಿ, ಬೆರಳು ಎತ್ತದೆ ನಿಲ್ಲಲಿ, ಅಧಿಕಾರಿ ಮತ್ತೆ ಬ್ಯಾಲೆಟ್ ಗುಂಡಿ ಒತ್ತುವವರೆಗೆ ಯಂತ್ರ ಎರಡನೆಯ ಮತ ಎಣಿಸುವುದಿಲ್ಲ. ದಾಖಲಾದ ಮತ ವಿದ್ಯುತ್ ತೆಗೆದರೂ ಅಳಿಯುವುದಿಲ್ಲ. ನನ್ನ ಮುಂದೆ ಕೂತ ಹುಡುಗ ಮೂರು ಸಾಲಿನಲ್ಲಿ ಬರೆದ “ಆಗ, ಈಗ”ದ ಲೆಕ್ಕವೂ ಇದೇ ಜಾತಿಯದು. ಒಂದು ಬೆರಳಿಗೆ ಒಂದೇ ಎಣಿಕೆ.

ಆದರೆ ಅವನ ಬಟನ್ ಒಂದು ಒತ್ತಿಗೆ ಮೂರು ಎಣಿಸಿತು. ಲ್ಯಾಪ್‌ಟಾಪಿನ ಪರದೆಯಲ್ಲಿ ಎಣಿಕೆ ತೋರಿಸುವಂತೆ ಬರೆದಿದ್ದೆವು. 1, 2 ಎಂದು ನೆಟ್ಟಗೆ ಹೋದದ್ದು ಮುಂದಿನ ಒತ್ತಿಗೆ 5 ಎಂದು ಹಾರಿತು. ಇದು ಕೋಡಿನ ತಪ್ಪಲ್ಲ, ಲೋಹದ ಗುಣ. ಕಡಪಾ ಕಲ್ಲಿನ ನೆಲದ ಮೇಲೆ ಗೋಲಿ ಬಿಟ್ಟರೆ ಟಕ್, ಟಕ್‌ಟಕ್, ಟಕಟಕಟಕ ಎಂದು ಕುಪ್ಪಳಿಸಿ ಆಮೇಲೆ ತಾನೇ ನಿಲ್ಲುತ್ತದೆ? ಬಟನ್ನಿನ ಒಳಗಿನ ಎರಡು ತಗಡುಗಳೂ ಕೂಡುವಾಗ ಹಾಗೆಯೇ ಕುಪ್ಪಳಿಸುತ್ತವೆ. ಕೆಲವು ಮಿಲಿಸೆಕೆಂಡುಗಳ ಆಟ. ನಮ್ಮ ಕಣ್ಣಿಗೂ ಬೆರಳಿಗೂ ಗೊತ್ತಾಗದು, ಚಿಪ್ಪಿಗೆ ಮಾತ್ರ ಒಂದೊಂದು ಕುಪ್ಪಳವೂ ಒಂದೊಂದು ಒತ್ತು. ಇದಕ್ಕೆ ಬೌನ್ಸ್ ಎನ್ನುತ್ತಾರೆ.

ಮದ್ದು ಸುಲಭ: ಬದಲಾವಣೆ ಕಂಡ ಕೂಡಲೇ ನಂಬಬೇಡ, ಹೊತ್ತು ಬರೆದಿಟ್ಟುಕೋ, ಗೋಲಿ ನಿಂತ ಮೇಲೆ ನಂಬು. ಆರ್ಡುಯಿನೊ ಜೊತೆಗೇ ಬರುವ ಉದಾಹರಣೆ ಪಾಠದಲ್ಲಿ ಈ ಕಾಯುವ ಹೊತ್ತು 50 ಮಿಲಿಸೆಕೆಂಡು. ಸಾಧಾರಣ ಬಟನ್ನುಗಳಿಗೆ ಅದು ಧಾರಾಳವಾಯಿತು. ಹೊತ್ತನ್ನು ಹೇಳುವುದು ಮಿಲಿಸ್ ಎಂಬ ಆಜ್ಞೆ, ಬೋರ್ಡಿಗೆ ಜೀವ ಬಂದಾಗಿನಿಂದ ಎಷ್ಟು ಮಿಲಿಸೆಕೆಂಡು ಕಳೆದವು ಎಂಬ ಲೆಕ್ಕ. ಈ ಲೆಕ್ಕ ಸುಮಾರು 49 ದಿನ 17 ಗಂಟೆಗೆ ತುಂಬಿ ಮತ್ತೆ ಸೊನ್ನೆಗೆ ಬರುತ್ತದೆ. ವಸ್ತುಪ್ರದರ್ಶನದ ಮೇಜಿನ ಮೇಲೆ ಎರಡು ತಾಸು ನಡೆಯುವ ಮಾದರಿಗೆ ಇದರ ಚಿಂತೆಯಿಲ್ಲ. ಹೊಲದ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಕೂರುವ ಬೋರ್ಡಿಗೆ ಇದೆ. ಆದ್ದರಿಂದ “ಇಷ್ಟು ಹೊತ್ತಿಗೆ ಎಬ್ಬಿಸು” ಎಂದು ಮುಂದಿನ ಹೊತ್ತನ್ನು ಕೂಡಿ ಬರೆಯಬಾರದು. ಈಗಿನ ಹೊತ್ತಿನಲ್ಲಿ ಆಗಿನ ಹೊತ್ತನ್ನು ಕಳೆದು ಉಳಿದದ್ದು 50 ದಾಟಿತೇ ಎಂದು ಕೇಳಬೇಕು. ಋಣಚಿಹ್ನೆ ಇಲ್ಲದ ಸಂಖ್ಯೆಗಳಲ್ಲಿ ಬರೆದರೆ ಲೆಕ್ಕ ಸೊನ್ನೆಗೆ ಮರಳಿದಾಗಲೂ ಈ ಕಳೆಯುವಿಕೆ ಸರಿಯಾದ ಉತ್ತರವನ್ನೇ ಕೊಡುತ್ತದೆ.

ಮುಂದಿನ ವಾರ ಅವನು ಹೊಸ ದೂರು ತಂದ. ಮೋಟಾರು ಹೊರಡುವಾಗ ಐದು ಸೆಕೆಂಡು ಬಜರ್ ಕೂಗಲಿ ಎಂದು ಡಿಲೇ ಆಜ್ಞೆ ಹಾಕಿದ್ದ. ಆ ಐದು ಸೆಕೆಂಡಿನಲ್ಲಿ ಎಷ್ಟು ಸಲ ಬಟನ್ ಒತ್ತಿದರೂ ಬೋರ್ಡಿಗೆ ಕೇಳಿಸುತ್ತಿರಲಿಲ್ಲ. ಡಿಲೇ ಎಂದರೆ ಕಣ್ಣುಮುಚ್ಚಿ ಕೂರುವುದು. ಬೋರ್ಡು ಕಣ್ಣು ಮುಚ್ಚಿದಾಗ ಬಂದು ಹೋದ ಬೆರಳು ಬಂದೇ ಇಲ್ಲದಂತೆ. ಯಾರೋ ಗಾಬರಿಯಿಂದ ನಿಲ್ಲಿಸಲು ಒತ್ತಿದ್ದರೆ?

ನಮ್ಮವ್ವ ಹೊಸಪೇಟೆ ಪೇಟೆಗೆ ಹೊರಟಾಗ ಯಾರಾದರೂ ಏನನ್ನಾದರೂ ತರಲು ಹೇಳಿದರೆ ಸೆರಗಿನ ತುದಿಗೆ ಒಂದು ಗಂಟು ಹಾಕಿಕೊಳ್ಳುತ್ತಿದ್ದಳು. ಹೇಳಿದ ಕೂಡಲೇ ಅಂಗಡಿಗೆ ಓಡಬೇಕಿಲ್ಲ. ಮಾಡುತ್ತಿದ್ದ ಕೆಲಸ ಬಿಡಬೇಕಿಲ್ಲ. ಬಿಡುವಾದಾಗ ಸೆರಗು ಕೈಗೆ ಸಿಕ್ಕರೆ ಗಂಟು ತಾನೇ ನೆನಪಿಸುತ್ತದೆ. ಕೋಡು ಬರೆಯುವವರು ಇದನ್ನು ಫ್ಲ್ಯಾಗ್ ಎನ್ನುತ್ತಾರೆ. ನನಗೆ ಗಂಟು ಎಂಬುದೇ ಹೆಚ್ಚು ಸರಿ ಕಾಣುತ್ತದೆ, ಏಕೆಂದರೆ ಗಂಟನ್ನು ಬಿಚ್ಚಬೇಕು ಎಂಬುದು ಆ ಪದದಲ್ಲೇ ಇದೆ. ಊನೊದಲ್ಲಿ 2 ಮತ್ತು 3ನೇ ಪಿನ್ನುಗಳಿಗೆ ಹೊರಗಿನ ಇಂಟರಪ್ಟ್ ಸೌಲಭ್ಯವಿದೆ. ಪಿನ್ನಿನಲ್ಲಿ ಬದಲಾವಣೆಯಾದರೆ ಚಿಪ್ಪು ಮಾಡುತ್ತಿದ್ದ ಕೆಲಸವನ್ನು ಅರೆಗಳಿಗೆ ನಿಲ್ಲಿಸಿ, ನಾವು ಬರೆದಿಟ್ಟ ಪುಟ್ಟ ತುಣುಕನ್ನು ನಡೆಸಿ, ಬಿಟ್ಟಲ್ಲಿಂದ ಮತ್ತೆ ಮುಂದುವರಿಯುತ್ತದೆ. ಆ ತುಣುಕಿನಲ್ಲಿ ಬೇರೇನೂ ಮಾಡಬಾರದು. ಗಂಟು ಹಾಕಿ ಹೊರಟುಬಿಡಬೇಕು. ಉಳಿದದ್ದನ್ನು ದೊಡ್ಡ ಲೂಪು ಬಿಡುವಾದಾಗ ನೋಡಿಕೊಳ್ಳುತ್ತದೆ.

ಗಂಟಿನ ಹೆಸರಿನ ಮುಂದೆ ವೊಲಟೈಲ್ ಎಂಬ ಪದ ಬೇಕು. ನಾವು ಬರೆದ ಕೋಡನ್ನು ಚಿಪ್ಪಿನ ಭಾಷೆಗೆ ತಿರುಗಿಸುವ ಕಂಪೈಲರ್ ಜಾಣ. ಈ ಸಂಖ್ಯೆಯನ್ನು ಇಲ್ಲಿ ಯಾರೂ ಬದಲಿಸುತ್ತಿಲ್ಲವಲ್ಲ ಎಂದುಕೊಂಡು ಒಮ್ಮೆ ಓದಿದ್ದನ್ನೇ ಮತ್ತೆ ಮತ್ತೆ ಬಳಸಬಹುದು. ವೊಲಟೈಲ್ ಎಂದರೆ ಪ್ರತಿ ಸಲವೂ ಸೆರಗನ್ನೇ ಮುಟ್ಟಿ ನೋಡು, ಹಿಂದೆ ನೋಡಿದ್ದನ್ನು ನಂಬಬೇಡ ಎಂಬ ಆಜ್ಞೆ.

ಗಂಟನ್ನು ಯಾವಾಗ ಬಿಚ್ಚಬೇಕು? ಇಲ್ಲಿ ನಮ್ಮವ್ವನ ರೀತಿಗೂ ಕೋಡಿನ ರೀತಿಗೂ ವ್ಯತ್ಯಾಸವಿದೆ. ಅವಳು ಹೇಳಿದ್ದನ್ನು ಕೊಂಡಾದ ಮೇಲೆ ಬಿಚ್ಚುತ್ತಿದ್ದಳು. ಕೋಡಿನಲ್ಲಿ ಕೆಲಸ ಶುರುಮಾಡುವ ಮುನ್ನವೇ ಬಿಚ್ಚಬೇಕು. ಕೆಲಸ ನಡೆಯುತ್ತಿರುವಾಗ ಇನ್ನೊಂದು ಒತ್ತು ಬಂದರೆ ಅದೇ ಜಾಗದಲ್ಲಿ ಹೊಸ ಗಂಟು ಬೀಳುತ್ತದೆ. ಕೆಲಸ ಮುಗಿಸಿ ಆಮೇಲೆ ಬಿಚ್ಚಿದರೆ ಹಳೆಯದರ ಹೆಸರಿನಲ್ಲಿ ಹೊಸದನ್ನೂ ಬಿಚ್ಚಿಹಾಕಿದಂತಾಗುತ್ತದೆ. ಗಂಟಿಗೆ ಎಣಿಕೆ ಗೊತ್ತಿಲ್ಲ ಎಂಬುದನ್ನೂ ಮರೆಯಬಾರದು. ಬಿಚ್ಚುವ ಮೊದಲು ಮೂರು ಸಲ ಒತ್ತಿದರೂ ಗಂಟು ಒಂದೇ. ಎಷ್ಟು ಸಲ ಎಂಬುದು ಮುಖ್ಯವಾದರೆ ಗಂಟಿನ ಬದಲು ಎಣಿಕೆ ಇಡಬೇಕು.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಅಭಿಪ್ರಾಯವನ್ನೂ ಹೇಳುತ್ತೇನೆ. ಮನುಷ್ಯನ ಬೆರಳಿಗೆ ಇಂಟರಪ್ಟ್ ಬೇಕಿಲ್ಲ. ಬೌನ್ಸಿನ ಪ್ರತಿ ಕುಪ್ಪಳಕ್ಕೂ ಅದು ಎದ್ದು ಓಡುತ್ತದೆ. ನೀರಿನ ಹರಿವು ಅಳೆಯುವ ಮೀಟರಿನ ಚುರುಕು ಮಿಡಿತಗಳಿಗೆ ಅದನ್ನು ಇಡಿ. ಬೆರಳಿಗಾದರೆ ಡಿಲೇ ಬಿಟ್ಟು ಮಿಲಿಸ್ ಬಳಸಿ, ಲೂಪು ಎಲ್ಲೂ ಕಣ್ಣು ಮುಚ್ಚದಂತೆ ಬರೆದರೆ ಸಾಕು. ಹುಡುಗ ಬಜರನ್ನು ಹಾಗೆಯೇ ತಿದ್ದಿಕೊಂಡ. ಶುರುವಾದ ಹೊತ್ತು ಬರೆದಿಡು, ಪ್ರತಿ ಸುತ್ತಿಗೂ ಐದು ಸೆಕೆಂಡಾಯಿತೇ ಎಂದು ಕೇಳು, ಆಗದಿದ್ದರೆ ಮುಂದೆ ಹೋಗಿ ಬಟನ್ ನೋಡು.

ಅಷ್ಟು ಹೊತ್ತಿಗೆ ಸರಿಯಾಗಿ ನಡೆಯತೊಡಗಿದ ಮಾದರಿಯ ಪ್ಲಗ್ಗನ್ನು ನಾನೇ ಕಿತ್ತು ಮತ್ತೆ ಸಿಕ್ಕಿಸಿದೆ. ದೀಪ ಆರಿಯೇ ಇತ್ತು. ರ‍್ಯಾಮಿನ ಹದಿನಾರು ಸಾವಿರ ಸ್ಟಾರ್ಟರುಗಳೂ ಕರೆಂಟು ಹೋದರೆ ಬಿಟ್ಟುಕೊಳ್ಳುತ್ತವೆ. ಹೊಲದ್ದರಂತೆಯೇ. ಕರೆಂಟು ಹೋದ ಮೇಲೂ ನೆನಪು ಬೇಕಾದರೆ ಅದೇ ಚಿಪ್ಪಿನಲ್ಲಿ ಇಇಪ್ರಾಮ್ ಎಂಬ 1 ಕಿಲೊಬೈಟಿನ ಕೋಣೆಯಿದೆ. ಅಲ್ಲಿ ಬರೆದದ್ದು ಉಳಿಯುತ್ತದೆ. ಆದರೆ ಒಂದೊಂದು ಜಾಗದಲ್ಲೂ ಸುಮಾರು 1 ಲಕ್ಷ ಸಲ ಬರೆಯಲು ಮಾತ್ರ ತಯಾರಕರ ಭರವಸೆ. ದಿನಕ್ಕೆ 20 ಸಲ ಬಟನ್ ಒತ್ತಿ 20 ಸಲ ಬರೆದರೆ 13 ವರ್ಷಕ್ಕೂ ಹೆಚ್ಚು ಬಾಳುತ್ತದೆ. ಗೊತ್ತಿಲ್ಲದೆ ಲೂಪಿನ ಪ್ರತಿ ಸುತ್ತಿಗೂ ಬರೆದರೆ? ಒಂದು ಬರಹಕ್ಕೆ 3.3 ಮಿಲಿಸೆಕೆಂಡಿನಂತೆ ಐದೂವರೆ ನಿಮಿಷದಲ್ಲಿ ಆ ಲಕ್ಷ ಮುಗಿದುಹೋಗುತ್ತದೆ. ಚಹಾ ಕುಡಿದು ಬರುವಷ್ಟರಲ್ಲಿ ಸವೆದ ಚಿಪ್ಪು. ಆದ್ದರಿಂದ ಇರುವುದಕ್ಕೂ ಬರೆಯಬೇಕಾದ್ದಕ್ಕೂ ವ್ಯತ್ಯಾಸವಿದ್ದರೆ ಮಾತ್ರ ಬರೆಯುವ ಅಪ್‌ಡೇಟ್ ಆಜ್ಞೆಯನ್ನೇ ಬಳಸಬೇಕು.

ಇಲ್ಲಿಗೆ ತಂತ್ರದ ಮಾತು ಮುಗಿದು ಹುಡುಗನ ನಿಜವಾದ ಪರೀಕ್ಷೆ ಶುರುವಾಯಿತು. ನೆನಪಿಡಲು ಬರುತ್ತದೆ, ಸರಿ. ಕರೆಂಟು ಮರಳಿದಾಗ ಮೋಟಾರು ತಾನಾಗಿ ಹೊರಡಬೇಕೇ?

ಡಿಒಎಲ್ ಸ್ಟಾರ್ಟರಿನ ಉತ್ತರ ಕಟ್ಟುನಿಟ್ಟು: ಬೇಡ. ಕರೆಂಟು ಹೋಗಿದೆ ಎಂದು ಯಾರೋ ಬೆಲ್ಟಿಗೆ ಕೈ ಹಾಕಿರಬಹುದು, ಫುಟ್‌ವಾಲ್ವು ಬಿಚ್ಚುತ್ತಿರಬಹುದು. ಮನುಷ್ಯ ಬಂದು ನೋಡಿ ಹಸಿರು ಗುಂಡಿ ಒತ್ತಲಿ. ಸಂಡೂರಿನ ಅದಿರು ಸಾಗಿಸುವ ಕನ್ವೇಯರ್ ಬೆಲ್ಟುಗಳಲ್ಲೂ, ತೋರಣಗಲ್ಲಿನ ಉಕ್ಕಿನ ಕೆಲಸದಲ್ಲೂ ದುಡಿಯುವವರಿಗೆ ಅಣಬೆ ತಲೆಯ ಕೆಂಪು ಗುಂಡಿ ಗೊತ್ತು. ಒಮ್ಮೆ ಗುದ್ದಿದರೆ ಒಳಗೆ ಸಿಕ್ಕಿಕೊಂಡೇ ಇರುತ್ತದೆ. ಕೈಯಿಂದ ತಿರುಗಿಸಿ ಬಿಡಿಸಬೇಕು. ಬಿಡಿಸಿದ ಮಾತ್ರಕ್ಕೆ ಯಂತ್ರ ಹೊರಡಬಾರದು, ಬೇರೆ ಗುಂಡಿ ಒತ್ತಿಯೇ ಹೊರಡಿಸಬೇಕು. ಅಪಾಯ ಎಂಬುದನ್ನು ಯಂತ್ರ ಮರೆಯಬಾರದು, ಓಡುತ್ತಿದ್ದೆ ಎಂಬುದನ್ನು ಮರೆಯಬೇಕು.

ಆದರೆ ರೈತನ ಕಡೆಯಿಂದ ನೋಡಿ. ತ್ರೀ ಫೇಸ್ ಕರೆಂಟು ಪಾಳಿಯಲ್ಲಿ ಬರುತ್ತದೆ, ಎಷ್ಟೋ ಸಲ ರಾತ್ರಿ. ನಡುವೆ ಹತ್ತು ಸಲ ಹೋಗಿ ಬರುತ್ತದೆ. ಪ್ರತಿ ಸಲವೂ ಎದ್ದು ಟಾರ್ಚು ಹಿಡಿದು ಹಾವುಚೇಳಿನ ಬದುವಿನ ಮೇಲೆ ನಡೆದು ಹೋಗಿ ಹಸಿರು ಗುಂಡಿ ಒತ್ತುವುದು ಯಾರ ಕೈಲಾಗುತ್ತದೆ? ಅದಕ್ಕೇ ಕರೆಂಟು ಬಂದೊಡನೆ ಮೋಟಾರು ಹೊರಡಿಸುವ ಆಟೊ ಸ್ಟಾರ್ಟರುಗಳು ಹೊಲಹೊಲಕ್ಕೂ ಬಂದವು. ಅವನ್ನು ದೂರುವ ಮನಸ್ಸು ನನಗಿಲ್ಲ. ಅವು ತಂದ ತೊಂದರೆಯೂ ಸುಳ್ಳಲ್ಲ. ಮೋಟಾರು ಹೊರಡುವಾಗ ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಒಂದೇ ಟ್ರಾನ್ಸ್‌ಫಾರ್ಮರಿನ ಮೇಲಿನ ಪಂಪುಗಳೆಲ್ಲ ಒಂದೇ ಗಳಿಗೆಯಲ್ಲಿ ನೆನಪು ಮಾಡಿಕೊಂಡು ಹೊರಟರೆ ವೋಲ್ಟೇಜು ಕುಸಿಯುತ್ತದೆ, ಟ್ರಾನ್ಸ್‌ಫಾರ್ಮರು ನರಳುತ್ತದೆ, ಸುಟ್ಟರೆ ಎಲ್ಲರ ಬೆಳೆಯೂ ಒಣಗುತ್ತದೆ. ಮೊಬೈಲಿನಿಂದ ಮೋಟಾರು ಚಾಲೂ ಮಾಡುವ, ಪುಣೆಯಲ್ಲಿ ರೂಪುಗೊಂಡ ನ್ಯಾನೊ ಗಣೇಶ್‌ನಂಥ ಸಾಧನಗಳು ಬಂದಿದ್ದು ಈ ಇಕ್ಕಟ್ಟಿನ ನಡುವೆಯೇ. ಅವುಗಳಲ್ಲಿ ನಿರ್ಧಾರ ಮನುಷ್ಯನದು, ನಡಿಗೆ ಮಾತ್ರ ತಪ್ಪಿತು.

ಕೋಡು ಬರೆಯುವ ಕೈಗೆ ಇನ್ನೂ ಒಂದು ದಾರಿ ಇದೆ, ಅದೇ ನನಗೆ ಹೆಚ್ಚು ಇಷ್ಟ. ನೆನಪಿರಲಿ, ಆದರೆ ತಡೆದು ಹೊರಡಲಿ. ಕರೆಂಟು ಬಂದ ಮೇಲೆ ಒಂದೊಂದು ಪಂಪೂ ಬೇರೆಬೇರೆ ಹೊತ್ತು ಕಾಯಲಿ, ಒಂದು ಎರಡು ನಿಮಿಷ, ಇನ್ನೊಂದು ಐದು. ಕಾಯುವಾಗ ಬಜರು ಕೂಗಿ ಹತ್ತಿರ ಇದ್ದವರನ್ನು ಎಚ್ಚರಿಸಲಿ. ಆ ನಡುವೆ ಕೆಂಪು ಗುಂಡಿ ಒತ್ತಿದರೆ ನೆನಪು ಪೂರ್ತಿ ಅಳಿಯಲಿ. ನಾಲ್ಕೈದು ಸಾಲು ಹೆಚ್ಚು, ಅಷ್ಟೆ.

ಹುಡುಗ ಎರಡು ದಿನ ಯೋಚಿಸಿ ಬೇರೆಯದನ್ನೇ ಆರಿಸಿಕೊಂಡ. ಅವನ ಮಾದರಿಯಲ್ಲಿ ಪ್ಲಗ್ ಕಿತ್ತು ಸಿಕ್ಕಿಸಿದರೆ ಹಸಿರು ಎಲ್‌ಇಡಿ ಹತ್ತುವುದಿಲ್ಲ, ಹಳದಿ ಎಲ್‌ಇಡಿ ಮಿಣುಕುತ್ತದೆ. “ನಾನು ಓಡ್ತಿದ್ದೆ, ನೆನಪೈತಿ, ಹೊರಡ್ಲಾ ಅಂತ ಕೇಳತೈತಿ ಸಾರ್.” ಬಟನ್ ಒತ್ತಿದರೆ ಹೊರಡುತ್ತದೆ, ಒತ್ತದಿದ್ದರೆ ಮಿಣುಕುತ್ತಲೇ ಇರುತ್ತದೆ. ಹದಿನಾಲ್ಕರ ಹುಡುಗ ನೆನಪನ್ನೂ ಅಪ್ಪಣೆಯನ್ನೂ ಬೇರೆಬೇರೆ ಮಾಡಿಟ್ಟಿದ್ದು ನೋಡಿ ನನಗೆ ಬಹಳ ಸಂತೋಷವಾಯಿತು. ಅದನ್ನು ಬಾಯಿಬಿಟ್ಟೇ ಹೇಳಿದೆ.

ಅವನು ಮನೆಗೆ ಒಯ್ದು ಅಜ್ಜನಿಗೆ ತೋರಿಸಿದನಂತೆ. ಅಜ್ಜ ಎಲ್ಲವನ್ನೂ ನೋಡಿ ಒಂದೇ ಮಾತು ಕೇಳಿದನಂತೆ: ರಾತ್ರಿ ಎರಡಕ್ಕೆ ಕರೆಂಟು ಬಂದ್ರೆ ಆ ಹಳದಿ ದೀಪ ಯಾರು ನೋಡ್ತಾರೋ?

ಈಗ ಅವನು ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಹಳದಿ ದೀಪದ ಪಕ್ಕಕ್ಕೆ ಸಿಮ್ ಕಾರ್ಡು ಹಾಕುವ ಪುಟ್ಟ ಮಾಡ್ಯೂಲೊಂದನ್ನು ಜೋಡಿಸುತ್ತಿದ್ದಾನೆ.